ಆಟದಲ್ಲಿ ಮುಳುಗಿದ ಊರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳೆಯ ನೀರಿನ ವ್ಯವಸ್ಥೆ ನನ್ನ ಪಿಎಚ್.ಡಿ. ವಿಷಯ. ಹಗಲು ಕೆರೆ ಏರಿ, ನಾಲೆ ದಂಡೆ ಸುತ್ತಿ ಬಂದು ರಾತ್ರಿ ಅಧ್ಯಾಯ ಬರೆಯಬೇಕು. ಬರೆಯುವುದು ಬಿಟ್ಟು ಹಾಸ್ಟೆಲ್ಲಿನಲ್ಲಿ ‘ಸಿಟೀಸ್: ಸ್ಕೈಲೈನ್ಸ್’ ಆಡುತ್ತೇನೆ. 2015ರಲ್ಲಿ ಬಂದ ಈ ಆಟ ನಮ್ಮ ಕೈಗೆ ಖಾಲಿ ನೆಲ, ಒಂದು ಹೆದ್ದಾರಿ, ಒಂದಿಷ್ಟು ದುಡ್ಡು ಕೊಟ್ಟು ಊರು ಕಟ್ಟಲು ಬಿಡುತ್ತದೆ. ಹೊಸದಾಗಿ ಆಡುವ ಜೂನಿಯರುಗಳು ದಿವಾಳಿಯಾಗದ ಉಪಾಯ ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು, ಅವಸರ ಬೇಡ. ನನ್ನ ಮೊದಲ ಊರಿಗೆ ಅಗಲ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಮೊದಲೇ ಕಟ್ಟಿದೆ. ಜನ ಬರುವ ಮುಂಚೆ ಖಜಾನೆ ಬರಿದಾಯಿತು. ಖಾಲಿ ರಸ್ತೆಗೂ ವಾರವಾರ ನಿರ್ವಹಣೆ ಖರ್ಚಿದೆ. ಹಸಿರು ಪಟ್ಟಿ ಏರಿದರೆ ಮನೆಗೆ, ನೀಲಿ ಏರಿದರೆ ಅಂಗಡಿಗೆ, ಹಳದಿ ಏರಿದರೆ ಕಾರ್ಖಾನೆಗೆ ಜಾಗ ಕೊಡಿ. ಅದೂ ಸ್ವಲ್ಪಸ್ವಲ್ಪವೇ. ಎಲ್ಲ ಮನೆಗಳನ್ನೂ ಒಂದೇ ಸಲ ತುಂಬಿಸಿದರೆ ಎಲ್ಲರಿಗೂ ಒಂದೇ ಸಲ ವಯಸ್ಸಾಗಿ, ಶವ ಸಾಗಿಸಲು ಗಾಡಿ ಸಾಲುವುದಿಲ್ಲ.

ಎರಡನೆಯದು ನೀರು. ಪಂಪು ಹೊಳೆಯ ಮೇಲ್ಭಾಗಕ್ಕೆ, ಚರಂಡಿ ಕೆಳಭಾಗಕ್ಕೆ. ನಾನು ತಿರುವುಮುರುವು ಮಾಡಿ ಇಡೀ ಊರಿಗೆ ಕಾಯಿಲೆ ತರಿಸಿದ್ದೆ. ಹರಿವಿಲ್ಲದ ಕೊಳಕ್ಕೆ ಪಂಪು ಇಟ್ಟರೆ ಅದು ಬತ್ತಿಹೋಗುತ್ತದೆ; ನಾಗಮಂಗಲದ ಕಡೆ ಮಳೆ, ಕೆರೆ ನಂಬಿ ಬದುಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯೇ ಇದ್ದರೂ, 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆ ತೋಡಿಸಿ, ಹೊಳೆಯ ಕವಲಿನ ಮೇಲೇ ಮೇಲ್ಗಾಲುವೆ ಹಾಯಿಸಿ ದ್ವೀಪಕ್ಕೆ ನೀರು ತಂದರು. ಹೊಳೆ ಪಕ್ಕದಲ್ಲಿದ್ದ ಮಾತ್ರಕ್ಕೆ ನೀರು ಮನೆಗೆ ಬರುವುದಿಲ್ಲ.

ಮೂರನೆಯದು, ಊರಿಗೆ ಒಂದೇ ಕಸುಬು ಬೇಡ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಅರಮನೆಯನ್ನೇ ನಂಬಿದ್ದ ಪಟ್ಟಣ ಸೊರಗಿತು. ಇನ್ನು ರಸ್ತೆಗಳ ವಿಷಯ: ಎಲ್ಲ ಗಾಡಿಗಳನ್ನೂ ಒಂದೇ ರಸ್ತೆಗೆ ತಂದು ಸುರಿಯಬೇಡಿ. ಕೆ.ಆರ್.ಪೇಟೆಯಲ್ಲಿ ಸಂಜೆ ಬಸ್ಸಿಗೆ ಕಾದು ನಾನು ಈ ಪಾಠ ಕಲಿತೆ.

ಹೀಗೆ ಕಲಿತು ಕಟ್ಟಿದ ನನ್ನ ನಾಲ್ಕನೇ ಊರು ಚೆನ್ನಾಗಿ ಬೆಳೆಯಿತು. ಕರೆಂಟು ಸಾಲದಾದಾಗ ಹೊಳೆಗೆ ಅಡ್ಡ ಜಲವಿದ್ಯುತ್ ಅಣೆಕಟ್ಟು ಎಳೆದೆ. ಹಿನ್ನೀರು ನಿಧಾನಕ್ಕೆ ಏರಿ ದಡದ ಒಂದು ಬಡಾವಣೆ ಮುಳುಗಿತು. ರೂಮ್‌ಮೇಟ್ ನಕ್ಕ. ನಾನೂ ನಕ್ಕು, ಮುಳುಗಿದ ಮನೆಗಳನ್ನು ಬುಲ್ಡೋಜರಿನಲ್ಲಿ ಅಳಿಸಿದೆ.

ಮಲಗಿದ ಮೇಲೆ ನಿದ್ದೆ ಬರಲಿಲ್ಲ. ನಮ್ಮಜ್ಜಿಯ ತಾಯಿ ಹುಟ್ಟಿದ್ದು ಹಳೇ ಕನ್ನಂಬಾಡಿಯಲ್ಲಿ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ, ಮುಂದೆ ಆ ಊರು ನೀರಿನಡಿಗೆ ಹೋಯಿತು. ನನ್ನ ಪ್ರಬಂಧದಲ್ಲಿ ಆ ಇಸವಿ ಇದೆ, 124.80 ಅಡಿ ಎಂಬ ಗರಿಷ್ಠ ಮಟ್ಟ ಇದೆ. ಆ ಹುಡುಗಿ ಮಾತ್ರ ಎಲ್ಲೂ ಇಲ್ಲ.

ಬೆಳಿಗ್ಗೆ ಅಜ್ಜಿಗೆ ಫೋನ್ ಮಾಡಿ, ಅವರಮ್ಮ ಆ ಊರಿನ ಬಗ್ಗೆ ಏನು ಹೇಳುತ್ತಿದ್ದರು ಎಂದು ಕೇಳಿದೆ. “ನೀರು ಇಳಿದ ವರ್ಷ ನಮ್ಮನ್ನು ಕರ್ಕೊಂಡು ಹೋಗಿ, ಇಲ್ಲಿ ಒಲೆ ಇತ್ತು ಅಂತ ಬರೀ ಕೆಸರು ತೋರಿಸಿದ್ಳು,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ನಿಮ್ಮಪ್ಪನ ಗದ್ದೆಗೆ ಬರೋದೂ ಅದೇ ನೀರು ಕಣೋ. ಯಾರನ್ನ ಬೈಯೋದು?” ಎಂದರು. ಪಾಂಡವಪುರದ ಪಕ್ಕದ ನಮ್ಮ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ನನ್ನ ಫೀಸು ಕಟ್ಟಿದ್ದು ಆ ಗದ್ದೆಯ ಕಬ್ಬಿನಿಂದ.

ಆದ್ದರಿಂದ ಕೊನೆಯ ಮಾತು. ಈ ಆಟದಲ್ಲಿ ಯಾವ ಮನುಷ್ಯನ ಮೇಲೆ ಒತ್ತಿದರೂ ಅವನ ಹೆಸರು, ಮನೆ, ಕೆಲಸ ಕಾಣಿಸುತ್ತವೆ. ಅಣೆಕಟ್ಟು ಕಟ್ಟಬೇಡಿ ಎನ್ನಲಾರೆ. ಕಟ್ಟುವ ಮುಂಚೆ ಆಟವನ್ನು ನಿಲ್ಲಿಸಿ, ದಡದ ಒಬ್ಬರ ಮೇಲಾದರೂ ಒತ್ತಿ ನೋಡಿ. ನಾನು ಈಗ ಮೂರನೇ ಅಧ್ಯಾಯವನ್ನು ಆ ಒಲೆಯಿಂದ ಮತ್ತೆ ಬರೆಯುತ್ತಿದ್ದೇನೆ.