ಚಂದ್ರ ಹುಟ್ಟುವ ಮುನ್ನ

ಸಂಕಷ್ಟಿಯ ದಿನ ನಮ್ಮ ಮನೆಯಲ್ಲಿ ಸಂಜೆ ಬಲು ಉದ್ದ. ಚಂದ್ರ ಹುಟ್ಟುವುದು ರಾತ್ರಿ 9ರ ಆಸುಪಾಸು. ಅಲ್ಲಿಯವರೆಗೆ ಅಮ್ಮ ಊಟ ಮುಟ್ಟುತ್ತಿರಲಿಲ್ಲ. ವ್ರತ ಹಿಡಿದು 40 ವರ್ಷ. ಸಕ್ಕರೆ ಕಾಯಿಲೆ ಬಂದದ್ದು ಈಚೆಗೆ. ಆ ದಿನವೂ ಬೆಳಿಗ್ಗೆ ಮಾತ್ರೆ ನುಂಗಿ, ಅರ್ಧ ಲೋಟ ಹಾಲು ಕುಡಿದು ಕೆಲಸಕ್ಕೆ ಇಳಿದಿದ್ದಳು.

ಸಂಜೆ ಗರಿಕೆ ಬಿಡಿಸುತ್ತ ಕೂತವಳು "ಹಾಲು ಬಂತೇನೋ?" ಎಂದು ಕೇಳಿದಳು. ಬಂತು ಅಂದೆ. ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಹತ್ತಿರ ಹೋಗಿ ನೋಡಿದರೆ, ಫ್ಯಾನಿನ ಕೆಳಗೂ ರವಿಕೆ ಬೆವರಿನಿಂದ ಒದ್ದೆ. ನಡುಗುವ ಬೆರಳಿನಿಂದ ಗರಿಕೆ ಜಾರುತ್ತಿದೆ. ಏನಾಗ್ತಿದೆ ಎಂದರೆ ಸಿಡುಕಿದಳು. ಸಿಡುಕುವ ಜೀವವೇ ಅಲ್ಲ ಅದು. ರಕ್ತದ ಸಕ್ಕರೆ ಅಳೆಯುವ ಮೀಟರು 52 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಎಚ್ಚರಗೊಳ್ಳಬೇಕು. ಇನ್ನೂ ಇಳಿದರೆ ಮಿದುಳಿಗೇ ಸಕ್ಕರೆ ಸಾಲದೆ ಮಾತು, ಬುದ್ಧಿ ತಡವರಿಸುತ್ತವೆ. ಆ ಸಿಡುಕು ಅಮ್ಮನದಲ್ಲ, ಹಸಿದ ಮಿದುಳಿನದು.

ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಂದೆ. "ಇನ್ನೂ ಚಂದ್ರನ್ನ ನೋಡಿಲ್ಲ ಕಣೋ" ಎಂದು ಮುಖ ತಿರುಗಿಸಿದಳು. "ತೀರ್ಥ ಅಂದ್ಕೊಂಡು ಕುಡಿಯಮ್ಮ" ಅಂದೆ. ಕುಡಿದಳು. ಎಚ್ಚರವಿತ್ತು, ನುಂಗಬಲ್ಲವಳಾಗಿದ್ದಳು, ಅದಕ್ಕೇ ಕೊಟ್ಟೆ; ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಓಡಬೇಕು. ಪಕ್ಕದ ಮನೆಯವರು ಅಕ್ಕರೆಯಿಂದ ಚಾಕೊಲೇಟ್ ಹಿಡಿದು ಬಂದರು. ಅದರಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಆ ಗಳಿಗೆಗೆ ಬರಿಯ ಸಕ್ಕರೆ ನೀರೇ ಸರಿ. 15 ನಿಮಿಷ ಕಾದು ಮತ್ತೆ ನೋಡಬೇಕು. ಗೋಡೆ ಗಡಿಯಾರದ ಮುಳ್ಳನ್ನು ಅಷ್ಟು ಹೊತ್ತು ನಾನೆಂದೂ ದಿಟ್ಟಿಸಿದ್ದಿಲ್ಲ. 81 ಬಂತು. ಸಕ್ಕರೆ ನೀರಿನ ಬಲ ಬೇಗ ಕರಗುವುದರಿಂದ, ಹಿಂದೆಯೇ ಒಂದು ಬಟ್ಟಲು ಮೊಸರವಲಕ್ಕಿ ತಿನ್ನಿಸಿದೆ. ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆಂದು ರಾತ್ರಿ ಎರಡು ಸಲ ಎಬ್ಬಿಸಿ ಬೆರಳು ಚುಚ್ಚಿದೆ.

"ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದಳು ಮರುದಿನ. ತೊಡಕಿದ್ದದ್ದೇ ಅಲ್ಲಿ. ಸಕ್ಕರೆ ಕಾಯಿಲೆಯ ಎಲ್ಲ ಮಾತ್ರೆಯೂ ಹೀಗಲ್ಲ, ಅವಳದು ಗ್ಲಿಮೆಪಿರೈಡ್. ಹೊಟ್ಟೆಗೆ ಬಿದ್ದಿದೆಯೋ ಇಲ್ಲವೋ ನೋಡದೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ ಅದು.

ವ್ರತವನ್ನು ದೂರಲು ನನಗೆ ಮನಸ್ಸಿಲ್ಲ. ಸಂಕಷ್ಟಿ ತಿಂಗಳಿಗೊಮ್ಮೆ. ಉಳಿದ ದಿನ? ಪೂಜೆ ಮುಗಿದು, ಎಲ್ಲರ ತಟ್ಟೆಗೂ ದೋಸೆ ಬಿದ್ದು, ಡಬ್ಬಿ ಕಟ್ಟಿಯಾದ ಮೇಲೆ ಅವಳು ತಿಂಡಿಗೆ ಕೂರುವಾಗ ಹತ್ತೂವರೆ. ಮಾತ್ರೆ ಮಾತ್ರ ಏಳೂವರೆಗೇ. ದಿನಾ ಮೂರು ಗಂಟೆಯ ಈ ಉಪವಾಸಕ್ಕೆ ಯಾವ ಪಂಚಾಂಗದಲ್ಲೂ ಹೆಸರಿಲ್ಲ. ಬಿಸಿ ದೋಸೆ ತಿನ್ನುತ್ತ ಕೂತ ನಮ್ಮಲ್ಲಿ ಒಬ್ಬರೂ ಅದನ್ನು ಕಾಣಲಿಲ್ಲ. ಸಿಹಿ ಮುಟ್ಟಬೇಡ ಎಂದು ಅವಳನ್ನು ಕಾದೆವು. ಹೊತ್ತಿಗೆ ತಿಂದಳೇ ಎಂದು ಕೇಳಲಿಲ್ಲ.

ಈಗ ಮೊದಲ ದೋಸೆ ಅಮ್ಮನದು. ಮಾತ್ರೆ, ತಟ್ಟೆ ಒಟ್ಟಿಗೇ ಬರುತ್ತವೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಕಾಳಿನ ಪಲ್ಯ. ನಾಲ್ಕಕ್ಕೆ ಒಂದು ಹಿಡಿ ಹುರಿಗಡಲೆ. ದೇವಸ್ಥಾನದ ಚೀಲದಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ. ಸಂಕಷ್ಟಿಯಂದು ವೈದ್ಯರು ಹೇಳಿದಂತೆ ಹೊತ್ತು ಹೊತ್ತಿಗೆ ಫಲಾಹಾರ. ರಾತ್ರಿ ಮಹಡಿ ಹತ್ತಿ ಚಂದ್ರನಿಗೆ ಅರ್ಘ್ಯ ಕೊಡುವಾಗ, ಕೈ ನಡುಗುತ್ತಿದೆಯೇ ಎಂದು ನಾನು ಹಿಂದೆ ನಿಂತು ನೋಡುತ್ತಿರುತ್ತೇನೆ.