ಎದ್ದು ನಿಂತ ಅಕ್ಷರ

‘ಕ್ಷರ’ ಎಂದರೆ ನಾಶವಾಗುವುದು. ‘ಅಕ್ಷರ’ ಎಂದರೆ ನಾಶವಿಲ್ಲದ್ದು. ಆದರೂ ನಮ್ಮ ಕಣ್ಣಿಗೆ ಅಕ್ಷರವೆಂದರೆ ಹಾಳೆಯ ಮೇಲಿನ ಮಸಿಯ ಗೆರೆ. ಅದಕ್ಕೆ ಉದ್ದಗಲಗಳುಂಟು, ಆಳವಿಲ್ಲ. ಮುದ್ರಣಾಲಯಗಳಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದವರಿಗೆ ಹಾಗೆ ಅನ್ನಿಸಿರಲಾರದು. ಅವರ ಬೆರಳುಗಳಿಗೆ ಪ್ರತಿಯೊಂದು ಅಕ್ಷರದ ಭಾರವೂ ಅಂಚೂ ತಿಳಿದಿತ್ತು. ಗಣಕಯಂತ್ರ ಬಂದ ಮೇಲೆ ಆ ಮೊಳೆಗಳು ಮೂಲೆ ಸೇರಿದವು. ಅದೇ ಗಣಕಯಂತ್ರದೊಳಗೆ ಅಕ್ಷರಕ್ಕೆ ಮತ್ತೆ ಆಳವನ್ನು ಕೊಟ್ಟು, ಅದನ್ನು ನಡೆದಾಡಿಸುವ ವಿದ್ಯೆಯೊಂದಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಅದಕ್ಕೆ ಕೈ ಹಾಕಿದೆ.

ತಾಯಿಯವರ ವರ್ಷಾಂತಿಕಕ್ಕೆ ಒಡಹುಟ್ಟಿದವರೆಲ್ಲ ಸೇರುವುದಿತ್ತು. ಹಳೆಯ ಛಾಯಾಚಿತ್ರಗಳನ್ನು ಪೋಣಿಸಿ ಕಿರುಚಿತ್ರವೊಂದನ್ನು ಮಾಡಬೇಕು, ಅದರ ಆರಂಭದಲ್ಲಿ ‘ಅಮ್ಮ’ ಎಂಬ ಪದವು ಕತ್ತಲೆಯಿಂದ ಮೆಲ್ಲನೆ ಎದ್ದು ಬರಬೇಕು ಎಂಬುದು ನನ್ನ ಆಸೆ. ಹಣ ತೆತ್ತು ತಂತ್ರಾಂಶ ಕೊಳ್ಳುವ ಶಕ್ತಿ ಇರಲಿಲ್ಲ. ಸೋದರಳಿಯನು ‘ಬ್ಲೆಂಡರ್’ ಎಂಬ ಮುಕ್ತ ತಂತ್ರಾಂಶವನ್ನು ತೋರಿಸಿಕೊಟ್ಟನು. ಅದರ ಕಥೆಯೇ ಸ್ವಾರಸ್ಯಕರ. ನೆದರ್‌ಲ್ಯಾಂಡ್ಸ್ ದೇಶದ ಟಾನ್ ರೋಸೆಂಡಾಲ್ ರೂಪಿಸಿದ ಈ ತಂತ್ರಾಂಶವನ್ನು ಮಾರುತ್ತಿದ್ದ ಸಂಸ್ಥೆ 2002ರಲ್ಲಿ ಮುಚ್ಚಿಹೋಯಿತು. ಆಗ ಬಳಕೆದಾರರೇ ಏಳು ವಾರಗಳಲ್ಲಿ 1,00,000 ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅದೇ ವರ್ಷದ ಅಕ್ಟೋಬರ್ 13ರಂದು ಅದು ಎಲ್ಲರ ಸ್ವತ್ತಾಯಿತು. 2025ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ಲಾಟ್ವಿಯಾದ ‘ಫ್ಲೋ’ ಚಿತ್ರವನ್ನು ನಿರ್ಮಿಸಿದ್ದೂ ಇದರಲ್ಲಿಯೇ.

ಮೊದಲ ಪಾಠಗಳು ಸುಲಭವಾಗಿದ್ದವು. ಪದವನ್ನು ಬರೆದು ‘ಎಕ್ಸ್‌ಟ್ರೂಡ್’ ಎಂಬ ಅಳತೆಯನ್ನು ಹೆಚ್ಚಿಸಿದರೆ ಅದಕ್ಕೆ ದಪ್ಪ ಬರುತ್ತದೆ. ‘ಬೆವೆಲ್’ ಹೆಚ್ಚಿಸಿದರೆ ಚೂಪಾದ ಅಂಚು ನಯವಾಗುತ್ತದೆ. ಇಂಗ್ಲಿಷ್ ಪದಗಳು ಕ್ಷಣಮಾತ್ರದಲ್ಲಿ ಎದ್ದು ನಿಂತವು. ಆದರೆ ‘ಅಮ್ಮ’ ಎಂದು ಬರೆದೊಡನೆ ಆ ಪದ ಒಡೆದುಹೋಯಿತು. ‘ಅ’, ಅದರ ಪಕ್ಕದಲ್ಲಿ ‘ಮ’, ಆಮೇಲೆ ಒಂಟಿಯಾದ ಅರ್ಧಾಕ್ಷರದ ಚಿಹ್ನೆ, ಮತ್ತೆ ಇನ್ನೊಂದು ‘ಮ’. ನಾನು ಕಲಿತ ಆವೃತ್ತಿಗೆ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಲು ಬರುತ್ತಿತ್ತು. ಒಂದನ್ನು ಇನ್ನೊಂದಕ್ಕೆ ಒತ್ತಾಗಿ ಕೂಡಿಸಲು ಬರುತ್ತಿರಲಿಲ್ಲ.

ನನ್ನ ತಾಯಿಯೂ ಇದೇ ಹಂತದಲ್ಲಿ ತಡವರಿಸಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅವರು 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ, ನಲವತ್ತಾರನೆಯ ವಯಸ್ಸಿಗೆ ಸ್ಲೇಟು ಹಿಡಿದರು. ಮೂಲಾಕ್ಷರಗಳು ಎರಡು ತಿಂಗಳಲ್ಲಿ ಬಂದವು. ಒತ್ತಕ್ಷರ ಮಾತ್ರ ಒಲಿಯಲಿಲ್ಲ. ‘ಅಮ್ಮ’ ಎಂಬುದನ್ನು ‘ಅಮಮ’ ಎಂದೇ ಬರೆಯುತ್ತಿದ್ದರು. ಒಂದು ಸಂಜೆ, ನಾನು ಬರೆದುಕೊಟ್ಟ ಪದವನ್ನು ಬಹಳ ಹೊತ್ತು ನೋಡಿ, “ಸೆರಗು ಹಿಡಿದು ನಿಂತ ಮಗುವಿನ ಹಾಗಿದೆಯಲ್ಲ” ಎಂದರು. ಆಮೇಲೆ ಅವರ ಕೈ ತಪ್ಪಲಿಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದನ್ನೂ ಅಂದಿಗೇ ಬಿಟ್ಟರು.

ಮಗುವನ್ನು ತಾಯಿಯ ಸೆರಗಿಗೆ ಸೇರಿಸುವ ದಾರಿ ‘ಇಂಕ್‌ಸ್ಕೇಪ್’ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ದೊರೆಯಿತು. ಅದರೊಳಗೆ ‘ಹಾರ್ಫ್‌ಬಜ್’ ಎಂಬ ಉಪಕರಣವು ಅಕ್ಷರಗಳ ಪರಸ್ಪರ ಸಂಬಂಧವನ್ನು ಅರಿತು ಅವುಗಳನ್ನು ಜೋಡಿಸುತ್ತದೆ. ಅದರ ಹೆಸರು ಪರ್ಶಿಯನ್ ಮೂಲದ್ದು. ‘ತೆರೆದ ಅಕ್ಷರ’ ಎಂಬುದು ಅದರ ಭಾವ. ಪರ್ಶಿಯನ್ ಹೆಸರಿನ ಉಪಕರಣವೊಂದು ನಮ್ಮ ಒತ್ತಕ್ಷರಗಳನ್ನೂ ಕಾಯುತ್ತಿದೆ ಎಂಬುದನ್ನು ತಿಳಿದು ಮನಸ್ಸು ತುಂಬಿಬಂತು. ಇಲ್ಲಿ ‘ಅಮ್ಮ’ ಸರಿಯಾಗಿ ಮೂಡಿತು. ಅದನ್ನು ಗೆರೆಗಳ ಆಕಾರವಾಗಿ ಮಾರ್ಪಡಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ, ಬ್ಲೆಂಡರ್‌ಗೆ ತಂದೆ. ಅಲ್ಲಿ ಅದು ಹುಡುಕಬೇಕಾದಷ್ಟು ಚಿಕ್ಕದಾಗಿ ಬಂದು ಕುಳಿತಿತ್ತು. ಹಿಗ್ಗಿಸಿ, ತಿರುಗುವ ಕೇಂದ್ರವನ್ನು ಅಕ್ಷರಗಳ ನಡುವಿಗೆ ಸರಿಸಿ, ದಪ್ಪ ಕೊಟ್ಟೆ.

ಆದರೂ ಪದವು ಚಪ್ಪಟೆಯಾಗಿಯೇ ಕಾಣುತ್ತಿತ್ತು. ದೀಪವನ್ನು ನೇರವಾಗಿ ಮುಂದಿಟ್ಟರೆ ನೆರಳು ಹಿಂದೆ ಅಡಗುತ್ತದೆ. ನೆರಳಿಲ್ಲದೆ ಆಳ ಕಾಣದು. ದೀಪವನ್ನು ಬಲಕ್ಕೆ, ತುಸು ಮೇಲಕ್ಕೆ ಸರಿಸಿದಾಗ ‘ಮ’ಕಾರದ ತಿರುವುಗಳಲ್ಲಿ ನೆರಳು ತುಂಬಿ, ಒತ್ತು ತನ್ನ ಜಾಗದಲ್ಲಿ ಸ್ಪಷ್ಟವಾಗಿ ನಿಂತಿತು. ಚಲನೆಗೆ ಆರಂಭದ ನಿಲುವು, ಅಂತ್ಯದ ನಿಲುವು ಎಂಬ ಎರಡು ‘ಕೀಫ್ರೇಮ್’ಗಳನ್ನು ಗುರುತಿಸಿದರೆ ಸಾಕು, ನಡುವಿನದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 24 ಚಿತ್ರಗಳಂತೆ ಹತ್ತು ಸೆಕೆಂಡಿಗೆ 240 ಚಿತ್ರಗಳು. ನಮ್ಮ ಮನೆಯ ಹಳೆಯ ಗಣಕಯಂತ್ರ ಇಡೀ ರಾತ್ರಿ ದುಡಿದು ಅವನ್ನು ಬಿಡಿಸಿ ಮುಗಿಸಿತು.

ವರ್ಷಾಂತಿಕದ ದಿನ ಗೋಡೆಯ ಮೇಲೆ ಆ ಪದ ಎದ್ದು ಬಂದಾಗ ಯಾರೂ ಮಾತನಾಡಲಿಲ್ಲ. ಹಿರಿಯಕ್ಕ ಮಾತ್ರ, “ಒತ್ತು ಸರಿಯಾಗಿ ಕೂತಿದೆ” ಎಂದಳು. ಸ್ಲೇಟಿನ ದಿನಗಳು ಅವಳಿಗೂ ನೆನಪಿದ್ದವು.

ಪ್ರಿಯ ಓದುಗರೇ, ಹೊಸ ಯಂತ್ರಗಳಲ್ಲಿ ನಮ್ಮ ಭಾಷೆ ತಾನಾಗಿಯೇ ಎದ್ದು ನಿಲ್ಲುವುದಿಲ್ಲ. ಯಾರೋ ಅಪರಿಚಿತರು ಬೆಲೆ ಕೇಳದೆ ಕೊಟ್ಟಿರುವ ಸಾಧನಗಳು ನಮ್ಮ ಮನೆಯ ಮಕ್ಕಳ ಕೈಗೂ ಎಟಕುತ್ತವೆ, ಹಿರಿಯರ ಕೈಗೂ ಎಟಕುತ್ತವೆ. ತಮ್ಮ ಮನೆಯ ಹೆಸರೊಂದನ್ನು, ಒತ್ತಕ್ಷರವಿರುವುದನ್ನೇ ಆರಿಸಿಕೊಂಡು, ಅವರು ಒಮ್ಮೆ ಪ್ರಯತ್ನಿಸಿ ನೋಡಲಿ. ಒಂದು ಸಂಜೆಗೆ ಮುಗಿಯುವ ಕೆಲಸವಲ್ಲ. ನನಗೆ ಮೂರು ತಿಂಗಳು ಹಿಡಿಯಿತು.