ಜಮಾ 41, ಖರ್ಚು 50

2024ರಲ್ಲಿ 'ಮೈದಾನ್' ಸಿನಿಮಾ ಬಂದಾಗ ನಮ್ಮ ಮನೆಯ ಹುಡುಗರೆಲ್ಲ ಒಟ್ಟಾಗಿ ಹೋಗಿ ನೋಡಿ ಬಂದರು. ಬಂದವರೇ ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಅಬ್ಬಾ, ಈ ರಹೀಂ ಸಾಹೇಬರು ನಿಜವಾಗ್ಲೂ ಇದ್ರಾ? ಇಂಡಿಯಾ ಫುಟ್‌ಬಾಲ್‌ನಲ್ಲಿ ನಿಜವಾಗ್ಲೂ ಗೆದ್ದಿತ್ತಾ?"

ನಾನು ಅಟ್ಟದ ಮೇಲಿನ ಟ್ರಂಕಿನಿಂದ ಮಾಮೂರ ಕಿರ್ದಿ ಪುಸ್ತಕ ಇಳಿಸಿದೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ನನ್ನ ಸೋದರಮಾವ ಗುಲ್ಬರ್ಗದ ಗಂಜಿನಲ್ಲಿ ತೊಗರಿ ಅಡತಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಮುನೀಮರಾಗಿದ್ದರು. ಮನೆಯಲ್ಲಿ ದಖನಿ, ಲೆಕ್ಕದ ಮಾತು ಬಂದಾಗ ಮಾತ್ರ ಗಂಜಿನ ಕನ್ನಡ. ಅಂಗಡಿಯ ಲೆಕ್ಕ ಬರೆದು ಉಳಿದ ಒಂದು ಪುಸ್ತಕದಲ್ಲಿ ಅವರು ಬರೆದಿಟ್ಟಿದ್ದು ಭಾರತದ ಫುಟ್‌ಬಾಲ್ ತಂಡದ ಲೆಕ್ಕ. ನಾವು ಹೊಡೆದ ಗೋಲು ಜಮಾ, ನಮಗೆ ಬಿದ್ದ ಗೋಲು ಖರ್ಚು. ಸುದ್ದಿಯೆಲ್ಲ ಸಿಗುತ್ತಿದ್ದುದು ಹೈದರಾಬಾದಿನಿಂದ ರೈಲಿನಲ್ಲಿ ಬರುವ 'ಸಿಯಾಸತ್' ಪತ್ರಿಕೆಯಿಂದ.

ಮೊದಲ ಹಾಳೆ 1951ರ ಮಾರ್ಚ್, ದೆಹಲಿ. ಮೊದಲ ಏಷ್ಯನ್ ಕ್ರೀಡಾಕೂಟ. ಇಂಡೋನೇಷ್ಯಾ ವಿರುದ್ಧ 3-0, ಅಫ್ಘಾನಿಸ್ತಾನದ ವಿರುದ್ಧ 3-0, ಫೈನಲ್‌ನಲ್ಲಿ ಇರಾನ್ ವಿರುದ್ಧ 1-0. ಆ ಒಂದು ಗೋಲು ಮೇವಾಲಾಲ್ ಅವರದು. ಚಿನ್ನ. ಜಮಾ ಏಳು, ಖರ್ಚು ಸೊನ್ನೆ. ಅಂಥ ಹಾಳೆಯಿಂದ ಲೆಕ್ಕ ಶುರು ಮಾಡಲು ಯಾರಿಗೆ ಬೇಡ?

ಎರಡನೆಯ ಹಾಳೆಯಲ್ಲಿ ಒಂದೇ ಸಾಲಿದೆ. 1952, ಹೆಲ್ಸಿಂಕಿ ಒಲಿಂಪಿಕ್ಸ್, ಯುಗೊಸ್ಲಾವಿಯ. ಜಮಾ 1, ಖರ್ಚು 10.

ಹುಡುಗರು ನಕ್ಕುಬಿಟ್ಟರು. ಹನ್ನೆರಡು ವರ್ಷದವನಾಗಿದ್ದಾಗ ನಾನೂ ನಕ್ಕಿದ್ದೆ. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ, ಕಾಲಿಗೆ ಪಟ್ಟಿ ಸುತ್ತಿಕೊಂಡು ಆ ಚಳಿಯ ದೇಶದಲ್ಲಿ ಆಡಿದ್ದರು. ಅದಾದ ಮೇಲೆಯೇ ಬೂಟು ಕಡ್ಡಾಯವಾದದ್ದು. ಆದರೆ ಮಾಮೂ ಆ ಸಾಲಿನಲ್ಲಿ ಹತ್ತರ ಬಗ್ಗೆ ಏನೂ ಬರೆದಿಲ್ಲ. ಒಂದರ ಮುಂದೆ ಮಾತ್ರ ಉರ್ದುವಿನಲ್ಲಿ ಸಣ್ಣದಾಗಿ ಬರೆದಿದ್ದಾರೆ: ಅಹ್ಮದ್ ಖಾನ್, ಬೆಂಗಳೂರು. ಆಟ ಮುಗಿಯಲು ಇನ್ನೇನು ಒಂದು ನಿಮಿಷ ಇದ್ದಾಗ, ಹತ್ತು ಗೋಲು ತಿಂದ ಮೇಲೂ ಒಬ್ಬ ಮನುಷ್ಯ ಎದುರಾಳಿಯ ಗೋಲಿನ ಕಡೆಗೆ ಓಡುತ್ತಿದ್ದನಲ್ಲ, ಅದು ಮಾಮೂಗೆ ಬಹಳ ಮೆಚ್ಚಿಗೆಯಾಗಿತ್ತು.

ಈ ತಂಡದ ತರಬೇತುದಾರ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನ ಶಾಲಾ ಮಾಸ್ತರರು. ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಆಟಗಾರರಿಗೆ ದುರ್ಬಲವಾದ ಕಾಲಿನಲ್ಲಿ ಮಾತ್ರ ಒದೆಯಬೇಕೆಂಬ ಷರತ್ತಿನ ಪಂದ್ಯಗಳನ್ನು ಅವರು ಆಡಿಸುತ್ತಿದ್ದರಂತೆ. ಬಲಗಾಲಿನ ಮೇಲೆ ನೆಚ್ಚಿಕೊಂಡವನಿಗೆ ಎಡಗಾಲೂ ತನ್ನದೇ ಎಂದು ಗೊತ್ತಾಗಲಿ ಅಂತ.

ಕೊಲಂಬೊ ಕಪ್ ಎನ್ನುವ ಚತುಷ್ಕೋನ ಟೂರ್ನಿಯ ಲೆಕ್ಕ ಬೇರೆ ಹಾಳೆಯಲ್ಲಿದೆ. ಭಾರತ, ಪಾಕಿಸ್ತಾನ, ಸಿಲೋನ್, ಬರ್ಮಾ. 1952ರಿಂದ 55ರವರೆಗೆ ನಾಲ್ಕೂ ಸಲ ನಾವು ಮೊದಲ ಸ್ಥಾನದಲ್ಲಿದ್ದೆವು, ಮೊದಲ ವರ್ಷ ಮಾತ್ರ ಪಾಕಿಸ್ತಾನದ ಜೊತೆ ಹಂಚಿಕೊಂಡು. ಮಾಮೂ ಪಾಕಿಸ್ತಾನದ ಸಾಲುಗಳನ್ನು ಬರ್ಮಾದ ಸಾಲುಗಳ ಹಾಗೆಯೇ ಬರೆದಿದ್ದಾರೆ. ಅದೇ ಶಾಯಿ, ಅದೇ ಅಕ್ಷರ. ನನ್ನ ಕಾಲಕ್ಕೆ ಕ್ರಿಕೆಟ್ ಪಂದ್ಯದ ದಿನ ಗೆಳೆಯರು ನಮ್ಮ ಮುಖವನ್ನೇ ನೋಡುವ ಪರಿಪಾಠ ಬಂದಿತ್ತು. ಆಗೆಲ್ಲ ನನಗೆ ಈ ಹಾಳೆ ನೆನಪಾಗುತ್ತಿತ್ತು.

1954ರ ಮನಿಲಾದಲ್ಲಿ ಜಪಾನ್ ವಿರುದ್ಧ 3-2 ಗೆಲುವು, ಇಂಡೋನೇಷ್ಯಾ ವಿರುದ್ಧ 0-4 ಸೋಲು. ಅಲ್ಲಿಗೆ ಮನೆಗೆ.

1956 ಮಾತ್ರ ಮಾಮೂ ಎಷ್ಟು ಸಲ ಹೇಳಿದರೂ ದಣಿಯದ ವರ್ಷ. ನವೆಂಬರ್ 1ಕ್ಕೆ ನಮ್ಮ ಗುಲ್ಬರ್ಗ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ಕ್ಕೆ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅದರ ಮನೆಯಂಗಳದಲ್ಲೇ 4-2ರಿಂದ ಸೋಲಿಸಿತು. ಮೂರು ಗೋಲು ನೆವಿಲ್ ಡಿಸೋಜ ಅವರದು. ಗಂಜಿನಲ್ಲಿ ಆಗ ತಮಾಷೆಯ ಜಗಳವಂತೆ: ಇನ್ನು ಮೇಲೆ ನಮ್ಮವರು ಯಾರು? ಹೈದರಾಬಾದಿನ ನೂರ್ ಮುಹಮ್ಮದ್, ಅಜೀಜುದ್ದೀನ್, ಬಲರಾಮ್ ಅವರೋ, ಬೆಂಗಳೂರಿನ ಕೆಂಪಯ್ಯನವರೋ? "ದೋನೋ" ಅಂದಿದ್ದರಂತೆ ಮಾಮೂ.

ಆಸ್ಟ್ರೇಲಿಯಾದ ಸಾಲಿನ ಮೇಲೆ ಇನ್ನೊಂದು ಸಾಲಿದೆ: ಹಂಗೇರಿ, ಆಡಿಲ್ಲ. ಆ ವರ್ಷ ಅಲ್ಲಿ ದಂಗೆಯೆದ್ದು ರಕ್ತ ಹರಿದಿತ್ತು, ಫುಟ್‌ಬಾಲ್ ತಂಡ ಬರಲಿಲ್ಲ. ನಮಗೆ ಪುಕ್ಕಟೆ ಗೆಲುವು ಸಿಕ್ಕಿತು. ಆದರೆ ಮಾಮೂ ಜಮಾ ಬದಿಗೆ ಏನೂ ಹಾಕಲಿಲ್ಲ. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ಮೊದಲ ಗೋಲು ನಮ್ಮದೇ, ಡಿಸೋಜ ಅವರದು. ಕೊನೆಗೆ 1-4. ಕಂಚಿಗಾಗಿ ಬಲ್ಗೇರಿಯಾ ಜೊತೆ ಆಡಿ 0-3. ಹತ್ತು ಗೋಲು ತಿಂದ ತಂಡ ನಾಲ್ಕೇ ವರ್ಷದಲ್ಲಿ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನಕ್ಕೆ ಬಂದಿತ್ತು. ಏಷ್ಯಾದ ಯಾವ ತಂಡವೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ.

1958ರ ಟೋಕಿಯೊ: ಐದು ಆಟ, ಬರ್ಮಾ ಮತ್ತು ಹಾಂಗ್‌ಕಾಂಗ್ ವಿರುದ್ಧ ಗೆಲುವು, ಇಂಡೋನೇಷ್ಯಾ ಎದುರು ಎರಡು ಸಲ, ದಕ್ಷಿಣ ಕೊರಿಯಾ ಎದುರು ಒಂದು ಸಲ ಸೋಲು. 1960ರ ರೋಮ್‌ನಲ್ಲಿ ಗೆಲುವಿಲ್ಲ, ಆದರೆ ಆ ಸಾಲುಗಳನ್ನು ನೋಡಿ: ಹಂಗೇರಿ 1-2, ಫ್ರಾನ್ಸ್ 1-1, ಪೆರು 1-3. ಆ ಹಂಗೇರಿ ಕಂಚು ಗೆದ್ದ ತಂಡ. ಫ್ರಾನ್ಸ್ ಎದುರು ಪಿ.ಕೆ. ಬ್ಯಾನರ್ಜಿ ಹೊಡೆದ ಗೋಲಿನಿಂದ ನಾವು ಗೆದ್ದೇಬಿಟ್ಟೆವು ಅನ್ನುವಾಗ ಕೊನೆಗಳಿಗೆಯಲ್ಲಿ ಅವರು ಸಮ ಮಾಡಿದರು. ಸೋತ ವರ್ಷ ಅಂತ ಅದನ್ನು ಕರೆಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಆಮೇಲೆ 1962ರ ಜಕಾರ್ತ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಇಂಡೋನೇಷ್ಯಾ ಪ್ರವೇಶ ಕೊಡಲಿಲ್ಲ. ಭಾರತದ ಕ್ರೀಡಾ ಮುಖಂಡ ಜಿ.ಡಿ. ಸೋಂಧಿ ಅದನ್ನು ವಿರೋಧಿಸಿದರು. ಸಿಟ್ಟಿಗೆದ್ದ ಗುಂಪು ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿ ಮಾಡಿತು. ಮರುದಿನವೇ, ಸೆಪ್ಟೆಂಬರ್ 4ರಂದು, ಫೈನಲ್. ಕಿಕ್ಕಿರಿದ ಕ್ರೀಡಾಂಗಣ ಪೂರ್ತಿ ನಮ್ಮವರ ವಿರುದ್ಧ ಕೂಗುತ್ತಿತ್ತು. ಎದುರಿಗೆ, ಮೊದಲ ಪಂದ್ಯದಲ್ಲೇ ನಮ್ಮನ್ನು 2-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯಾ. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಸಾಹೇಬರು ಮುಂಚೂಣಿಗೆ ತಂದು ನಿಲ್ಲಿಸಿದ್ದರು. ಪಿ.ಕೆ. ಒಂದು, ಜರ್ನೈಲ್ ಒಂದು. 2-1. ಆ ದಿನ ಗ್ಯಾಲರಿಯಲ್ಲಿ ನಮಗಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ಆಟಗಾರರು ಮುಂದೆ ನೆನಪಿಸಿಕೊಂಡಿದ್ದಾರೆ. ಇದನ್ನು ಸಿನಿಮಾದವರು ಕಟ್ಟಿದ್ದಲ್ಲ ಅಂದಾಗ ಹುಡುಗರು ನಂಬಲಿಲ್ಲ.

ಇಷ್ಟಕ್ಕೆ ಮಾಮೂ ಗೆರೆ ಎಳೆದು ಮೊತ್ತ ಹಾಕಿದ್ದಾರೆ. ಏಷ್ಯನ್ ಕ್ರೀಡಾಕೂಟ ಮತ್ತು ಒಲಿಂಪಿಕ್ಸ್ ಸೇರಿ 22 ಆಟ. ಗೆಲುವು 11, ಸೋಲು 10, ಸಮ 1. ಜಮಾ 41, ಖರ್ಚು 50. ಎಲ್ಲರೂ ಸುವರ್ಣಯುಗ ಎಂದು ಕರೆಯುವ ಕಾಲದ ಲೆಕ್ಕ ಒಂಬತ್ತು ಗೋಲು ನಷ್ಟದಲ್ಲಿದೆ.

ಹುಡುಗನಾಗಿದ್ದಾಗ ಈ ಮೊತ್ತ ನನ್ನನ್ನು ಬಹಳ ಕಾಡಿತ್ತು. ಒಂದು ದಿನ ಒಂದು ಉಪಾಯ ಹೊಳೆಯಿತು. ಹೆಲ್ಸಿಂಕಿಯ ಒಂದು ಸಾಲು ತೆಗೆದುಬಿಟ್ಟರೆ ಜಮಾ 40, ಖರ್ಚೂ 40, ಸರಿಸಮ! ದೊಡ್ಡದೇನೋ ಕಂಡುಹಿಡಿದವನಂತೆ ಓಡಿಹೋಗಿ ಹೇಳಿದೆ. ಮಾಮೂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕಿರ್ದ್ಯಾಗ ಬರ್ದಿದ್ದು ಹೊಡದ್ ಹಾಕಂಗಿಲ್ಲಪ್ಪ. ನಿನಗ ಬೇಕಾದಂಗ ಲೆಕ್ಕಾ ಬರೀಬೇಕಂದ್ರ ಬ್ಯಾರೆ ಅಂಗಡಿ ನೋಡ್ಕೋ."

ಅವರ ಅಣ್ಣ, ನಮ್ಮ ಬಡೇ ಮಾಮೂ, ಹುಮನಾಬಾದ್ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರರಾಗಿದ್ದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯ ನಂತರ ಹಳ್ಳಿಯಿಂದ ಹೊರಟವರು ಮನೆ ಮುಟ್ಟಲಿಲ್ಲ. ಇಪ್ಪತ್ತು ವರ್ಷದ ಮಾಮೂರನ್ನು ಅಡತಿ ಅಂಗಡಿಯ ಸಾವ್ಕಾರರು ಎಂಟು ದಿನ ತೊಗರಿ ಗೋದಾಮಿನಲ್ಲಿ ಬಚ್ಚಿಟ್ಟು ಉಳಿಸಿದರು, ಆಮೇಲೆ ಗಲ್ಲೆಯ ಪಕ್ಕ ಕೂರಿಸಿ ಲೆಕ್ಕ ಕಲಿಸಿದರು. ಪಂಡಿತ್ ಸುಂದರ್‌ಲಾಲ್ ಸಮಿತಿ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಹೆಚ್ಚು ಜನ ಸತ್ತ ನಾಲ್ಕು ಜಿಲ್ಲೆಗಳ ಹೆಸರಿದೆ. ಗುಲ್ಬರ್ಗ, ಬೀದರ್ ಎರಡೂ ಅದರಲ್ಲಿವೆ. ಆ ವರದಿ ಹಲವು ದಶಕ ಕತ್ತಲಲ್ಲೇ ಇತ್ತು. ನಮ್ಮ ಮನೆಗಳಲ್ಲಿ ಇದನ್ನಷ್ಟೇ ಹೇಳುತ್ತಾರೆ. ಅದಕ್ಕೆ ಮೊದಲು ರಜಾಕಾರರು ಇದೇ ಹಳ್ಳಿಗಳಲ್ಲಿ ಮಾಡಿದ ಸುಲಿಗೆ, ಕೊಲೆ ಹೇಳುವುದಿಲ್ಲ. ಪಕ್ಕದ ಓಣಿಯ ಮನೆಗಳಲ್ಲಿ ರಜಾಕಾರರದ್ದನ್ನಷ್ಟೇ ಹೇಳುತ್ತಾರೆ. ಮಾಮೂ 1998ರಲ್ಲಿ ತೀರಿಕೊಳ್ಳುವವರೆಗೂ ಎರಡನ್ನೂ ಹೇಳುತ್ತಿದ್ದರು. ಅದಕ್ಕೇ ಇರಬೇಕು, ಅವರ ಮಾತು ಎರಡೂ ಕಡೆಯವರಿಗೆ ಅಷ್ಟಾಗಿ ರುಚಿಸುತ್ತಿರಲಿಲ್ಲ.

ಹುಡುಗರು ಮೊತ್ತದ ಹಾಳೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡರು. ಚಿಕ್ಕವನು ಹಾಳೆ ತಿರುವಿ ಕೊನೆಯ ಸಾಲು ತೋರಿಸಿದ. 1963 ಜೂನ್ 11, ರಹೀಂ ಸಾಹೇಬರು. ಜಮಾ ಖಾಲಿ, ಖರ್ಚೂ ಖಾಲಿ. ಕ್ಯಾನ್ಸರ್ ಆಗಿತ್ತು, ಜಕಾರ್ತಕ್ಕೆ ಹೋಗುವಾಗಲೇ ಅವರಿಗೆ ಮೈ ಸರಿಯಿರಲಿಲ್ಲ ಅಂದೆ.

"ಹಾಗಾದ್ರೆ ಬಡೇ ಮಾಮೂರ ಹೆಸರು ಎಲ್ಲಿದೆ?"

ಇಲ್ಲ ಅಂದೆ. ಲೆಕ್ಕ ಶುರುವಾದದ್ದೇ 1951ಕ್ಕೆ. ಅದಕ್ಕೆ ಹಿಂದಿನದು ಹೇಳು ಎಂದು ಹಿಡಿದು ಕೂತರು. ಆ ರಾತ್ರಿ ಊಟ ತಣ್ಣಗಾಗುವವರೆಗೂ ಹೇಳಿದೆ, ರಜಾಕಾರರಿಂದಲೇ ಶುರು ಮಾಡಿ.